ಸಮಾವೇಶ ಮುಗಿದ ಮರುದಿನ ಅವರು ಎಲ್ಲಿರುತ್ತಾರೆ?

ಪ್ರಶ್ನೆ: ನಾನು ಕಾರ್ಯಕ್ರಮ ನಿರ್ವಹಣೆಯ ಕಂಪನಿಯೊಂದರಲ್ಲಿ ಸಾಮಗ್ರಿ ಪೂರೈಕೆಯ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ನಗರದಲ್ಲಿ ಕೆಲವೇ ತಿಂಗಳಲ್ಲಿ ದೊಡ್ಡ ಅಂತರರಾಷ್ಟ್ರೀಯ ಸಮಾವೇಶ ನಡೆಯಲಿದೆ. ಅತಿಥಿಗಳು ಓಡಾಡುವ ಮಾರ್ಗದ ಬಗ್ಗೆ ನಡೆದ ಸಭೆಯಲ್ಲಿ, ಮೇಲ್ಸೇತುವೆಯ ಕೆಳಗೆ ಮಲಗುವ ಸುಮಾರು ಅರವತ್ತು ಜನರನ್ನು ಎರಡು ವಾರದ ಮಟ್ಟಿಗೆ ಊರಾಚೆಯ ಶಿಬಿರಕ್ಕೆ ಸ್ಥಳಾಂತರಿಸಲಾಗುವುದು ಎಂದರು. ಅಲ್ಲಿ ಊಟ, ಹಾಸಿಗೆ, ವೈದ್ಯರು ಎಲ್ಲವೂ ಇರುತ್ತದಂತೆ. ಮಂಚ ಮತ್ತು ಹಾಸಿಗೆ ಪೂರೈಸುವ ಹೊಣೆ ನಮ್ಮ ಕಂಪನಿಯದು. ಒಳ್ಳೆಯ ಕೆಲಸವೇ ಅಲ್ಲವೇ ಎಂದುಕೊಂಡೆ. ಆದರೆ ಅಲ್ಲಿ ಮಲಗಿ, ಹತ್ತಿರದ ಗೋದಾಮಿನಲ್ಲಿ ದುಡಿಯುವ ಪರಿಚಯದ ಒಬ್ಬರು, "ಎರಡು ವಾರ ಹೋದರೆ ನನ್ನ ಕೆಲಸವೇ ಹೋಗುತ್ತದೆ" ಎಂದರು. ಭದ್ರತೆಗಾಗಿ ಇದು ಅನಿವಾರ್ಯವೇ? ಬೀದಿಗಿಂತ ಹಾಸಿಗೆ ಮೇಲಲ್ಲವೇ? ಇವರೆಲ್ಲ ಹೊರಗಿನಿಂದ ಬಂದವರು, ಒಮ್ಮೆ ಕಳಿಸಿದರೆ ಮರಳುವುದಿಲ್ಲ ಎನ್ನುತ್ತಾರೆ, ನಿಜವೇ? ನನ್ನ ಕೆಲಸ ಉಳಿಸಿಕೊಂಡು ನಾನು ಏನಾದರೂ ಮಾಡಬಹುದೇ?

ಉತ್ತರ: ಮೇಲ್ನೋಟಕ್ಕೆ ಕರುಣೆಯಂತೆ ಕಾಣುವ ಕೆಲಸಕ್ಕೆ ನೀವು ಮಂಚ ಒದಗಿಸುತ್ತಿದ್ದೀರಿ. ಆದರೆ ಆ ಮಂಚದ ಮೇಲೆ ಮಲಗಬೇಕಾದವರಿಗೇ ಅದು ಬೇಡವಾಗಿದೆ. ನಿಮ್ಮನ್ನು ಕಾಡುತ್ತಿರುವುದು ಇದೇ ಅಲ್ಲವೇ? ಕಾಡಬೇಕಾದದ್ದೇ. ವಸತಿರಹಿತರ ತಂಗುದಾಣಗಳನ್ನು ನಡೆಸುವ ಕೆಲಸದಲ್ಲಿ ಬಹುಕಾಲದಿಂದ ಇರುವ ನಾನು ನೀವು ಹೇಳಿದಂಥ ಸಭೆಗಳಲ್ಲಿ ಕುಳಿತಿದ್ದೇನೆ. ಅಲ್ಲಿ ಯಾರೂ ಕ್ರೂರವಾಗಿ ಮಾತನಾಡುವುದಿಲ್ಲ. ನಕ್ಷೆಯ ಮೇಲೆ ಒಂದು ಮಾರ್ಗವನ್ನು ಗುರುತಿಸಿರುತ್ತಾರೆ. ವಿಭಜಕಕ್ಕೆ ಬಣ್ಣ, ಗೋಡೆಗೆ ಚಿತ್ರ, ಕುಂಡಗಳಲ್ಲಿ ಹೂವು, ಮಲಗಿದವರ ಸ್ಥಳಾಂತರ, ಇವೆಲ್ಲ ಒಂದೇ ಪಟ್ಟಿಯಲ್ಲಿ, ಒಂದೇ ಗಡುವಿನೊಂದಿಗೆ ಬರುತ್ತವೆ. ಮನುಷ್ಯರು ಆ ಪಟ್ಟಿಗೆ ಸೇರಿದ್ದನ್ನು ಯಾರೂ ಗಮನಿಸುವುದಿಲ್ಲ, ಅಷ್ಟೇ.

ಇಂಥ ಯೋಜನೆಯನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಹುಡುಕುವುದು ಒಂದು ದಿನಾಂಕವನ್ನು. ಕೊನೆಯ ಅತಿಥಿ ವಿಮಾನ ಹತ್ತಿದ ಮರುದಿನ ಈ ಅರವತ್ತು ಜನ ಎಲ್ಲಿ ಮಲಗಿರುತ್ತಾರೆ ಎಂಬುದಕ್ಕೆ ಕಡತದಲ್ಲಿ ಉತ್ತರವಿದೆಯೇ? ಇದ್ದರೆ ಅದು ವಸತಿ ಯೋಜನೆ. ಇಲ್ಲದಿದ್ದರೆ ಊಟ, ಹಾಸಿಗೆ, ವೈದ್ಯರು ಎಷ್ಟೇ ಇದ್ದರೂ ಅದು ಮರೆಮಾಚುವ ಯೋಜನೆ.

ಬೀದಿಗಿಂತ ಹಾಸಿಗೆ ಮೇಲು ಎಂಬ ನಿಮ್ಮ ಮಾತನ್ನೇ ಮೊದಲು ನೋಡೋಣ. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಮನಿಲಾಕ್ಕೆ ಬಂದಾಗ, ಫಿಲಿಪ್ಪೀನ್ಸ್‌ನ ಸಮಾಜ ಕಲ್ಯಾಣ ಇಲಾಖೆ ಬೀದಿಯಲ್ಲಿದ್ದ ನೂರರಷ್ಟು ಕುಟುಂಬಗಳನ್ನು ಬತಂಗಾಸ್ ಪ್ರಾಂತ್ಯದ ರೆಸಾರ್ಟ್ ಒಂದಕ್ಕೆ ಕರೆದೊಯ್ದಿತ್ತು. ಶಿಬಿರವಲ್ಲ, ಜೈಲಲ್ಲ, ರೆಸಾರ್ಟ್. ನೆರವಿನ ಯೋಜನೆಗೆ ಸೇರಿಸಿಕೊಳ್ಳುವ ಮೊದಲು ತರಬೇತಿ ಕೊಡುತ್ತಿದ್ದೇವೆ ಎಂಬುದು ಇಲಾಖೆಯ ವಿವರಣೆ. ತರಬೇತಿ ನಡೆದದ್ದು ಮಾತ್ರ ಪೋಪ್ ನಗರದಲ್ಲಿದ್ದ ದಿನಗಳಲ್ಲಿಯೇ. ಅದು ಮುಗಿದ ಮೇಲೆ ಹಲವು ಕುಟುಂಬಗಳು ಮತ್ತೆ ಬೀದಿಗೇ ಬಂದವು. ಹಾಸಿಗೆಯ ಗುಣಮಟ್ಟದ ಬಗ್ಗೆ ಅಲ್ಲಿ ಯಾರೂ ತಕರಾರು ಮಾಡುವಂತಿರಲಿಲ್ಲ. ಆದರೂ ಆ ಕೆಲವು ದಿನಗಳ ಮಟ್ಟಿಗೆ ಬದಲಾದದ್ದು ಬೀದಿಯ ನೋಟವೇ ಹೊರತು ಆ ಕುಟುಂಬಗಳ ಸ್ಥಿತಿಯಲ್ಲ.

ನಿಮ್ಮ ಗೋದಾಮಿನ ಪರಿಚಿತರು ಹೇಳಿದ್ದು ಇದಕ್ಕಿಂತ ಗಂಭೀರವಾದದ್ದು. ಸ್ಥಿತಿ ಬದಲಾಗದೆ ಉಳಿಯುವುದಿಲ್ಲ, ಹದಗೆಡುತ್ತದೆ ಎನ್ನುತ್ತಿದ್ದಾರೆ ಅವರು. ಹೊರಗಿನಿಂದ ನೋಡುವವರಿಗೆ ಬೀದಿಯಲ್ಲಿ ಮಲಗುವವರ ಬಳಿ ಏನೂ ಇಲ್ಲವೆಂದು ತೋರುತ್ತದೆ. ಹಾಗಾಗಿ ಕಳೆದುಕೊಳ್ಳುವುದಕ್ಕೂ ಏನಿಲ್ಲ ಎಂದು ಭಾವಿಸುತ್ತಾರೆ. ಒಬ್ಬರ ಗಂಟನ್ನು ಅವರೇ ಬಿಚ್ಚಿ ತೋರಿಸಿದಾಗ ಒಳಗೆ ಏನಿರುತ್ತದೆ ಗೊತ್ತೇ? ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಸುತ್ತಿಟ್ಟ ಗುರುತಿನ ಚೀಟಿ. ಮುಂದಿನ ತಪಾಸಣೆಯ ದಿನಾಂಕ ಬರೆದ ಆಸ್ಪತ್ರೆಯ ಚೀಟಿ. ಅರ್ಧ ಮುಗಿದ ಮಾತ್ರೆಯ ಹಾಳೆ. ಫೋನ್ ಚಾರ್ಜರ್. ಕೆಲಸಕ್ಕೆಂದೇ ಎತ್ತಿಟ್ಟ ಒಂದು ಜೊತೆ ಬೂಟು. ಹಿಂದೆ ಕೆಲಸ ಕೊಟ್ಟ ಯಾರದೋ ಫೋನ್ ನಂಬರು ಗೀಚಿದ ರಟ್ಟಿನ ಚೂರು. ತೆರವಿನ ದಿನ ಇದು ಕಸದ ಲಾರಿಗೆ ಬೀಳುತ್ತದೆ, ಏಕೆಂದರೆ ಪೌರಕಾರ್ಮಿಕರಿಗೆ ಕೊಟ್ಟ ಆದೇಶದಲ್ಲಿ ಜಾಗ ಸ್ವಚ್ಛವಾಗಬೇಕು ಎಂದಷ್ಟೇ ಇರುತ್ತದೆ. ಗುರುತಿನ ಚೀಟಿ ಹೋದರೆ ಅದನ್ನು ಮತ್ತೆ ಪಡೆಯಲು ವಿಳಾಸ ಬೇಕು, ವಿಳಾಸ ಬೇಕೆಂದರೆ ಮನೆ ಬೇಕು. ಎಷ್ಟೋ ಜನರ ಮಟ್ಟಿಗೆ ತಿಂಗಳುಗಳ ಓಡಾಟ ಒಂದೇ ಬೆಳಗಿನಲ್ಲಿ ಶೂನ್ಯಕ್ಕೆ ಬಂದು ನಿಲ್ಲುತ್ತದೆ.

ಔಷಧದ ವಿಷಯ ಇನ್ನೂ ಸೂಕ್ಷ್ಮ. ಸಾಮಾನ್ಯ ಕ್ಷಯಕ್ಕೂ ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕು. ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಕ್ಕೆ ಬಗ್ಗದ ರೂಪವನ್ನೂ ತಾಳಬಹುದು. ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿರುವವರು, ಮಾದಕ ವಸ್ತುವಿನಿಂದ ಹೊರಬರಲು ನಿತ್ಯ ಔಷಧ ಪಡೆಯುವವರು ಒಂದು ನಿರ್ದಿಷ್ಟ ಕೇಂದ್ರಕ್ಕೆ, ಒಬ್ಬ ನಿರ್ದಿಷ್ಟ ದಾದಿಗೆ ಹೊಂದಿಕೊಂಡಿರುತ್ತಾರೆ. 2023ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ 23 ನಗರಗಳ ಮಾಹಿತಿ ಇಟ್ಟುಕೊಂಡು ಒಂದು ಲೆಕ್ಕ ಹಾಕಿತು. ಮಾದಕ ವಸ್ತುವನ್ನು ಚುಚ್ಚಿಕೊಳ್ಳುವ ವಸತಿರಹಿತರನ್ನು ಹೀಗೆ ಪದೇ ಪದೇ ಎಬ್ಬಿಸಿ ಓಡಿಸುತ್ತಿದ್ದರೆ ಹತ್ತು ವರ್ಷಗಳಲ್ಲಿ ಆ ಗುಂಪಿನ ಸಾವುಗಳಲ್ಲಿ ಶೇಕಡಾ 15ರಿಂದ 25ರಷ್ಟಕ್ಕೆ ಅದೇ ಕಾರಣವಾಗಬಹುದು ಎಂದಿತು. ಇದು ಗಣಿತದ ಅಂದಾಜು, ಎಣಿಸಿದ ಹೆಣಗಳಲ್ಲ. ಆದರೂ ತಂಗುದಾಣದಲ್ಲಿ ಕೆಲಸ ಮಾಡಿದ ಯಾರಿಗೂ ಈ ದಿಕ್ಕು ಆಶ್ಚರ್ಯ ತರುವುದಿಲ್ಲ. ಒಬ್ಬ ರೋಗಿಯ ವಿಶ್ವಾಸ ಗಳಿಸಲು ತಿಂಗಳುಗಟ್ಟಲೆ ಅದೇ ಮೂಲೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ, ಒಂದು ದಿನ ಆ ಮೂಲೆಯಲ್ಲಿ ಹೂವಿನ ಕುಂಡ ಕಂಡರೆ ಅವನನ್ನು ಇನ್ನೆಲ್ಲಿ ಹುಡುಕಬೇಕು?

ಈಗ ಭದ್ರತೆ. ಇದು ಪೂರ್ತಿ ನೆಪ ಎಂದು ನಾನು ಹೇಳುವುದಿಲ್ಲ. ಗಣ್ಯರ ವಾಹನ ಸಾಲು ಹಾದುಹೋಗುವ ಕೆಲವು ಗಂಟೆ ರಸ್ತೆಯ ಇಕ್ಕೆಲ ಖಾಲಿ ಇರಬೇಕೆಂದು ಭದ್ರತಾ ಪಡೆ ಬಯಸುವುದು ಸಹಜ. ಅದನ್ನು ಅಳೆಯಲು ಸುಲಭವಾದ ಒಂದು ದಾರಿಯಿದೆ. ನಿರ್ಬಂಧ ಎಲ್ಲರಿಗೂ ಅನ್ವಯಿಸುತ್ತದೆಯೇ ನೋಡಿ. ಅಂಗಡಿ ಬಾಗಿಲು ಹಾಕಿ, ಕಚೇರಿಯ ನೌಕರರನ್ನು ತಡೆದು, ಅಲ್ಲಿ ಮಲಗುವವರನ್ನೂ ಆ ಹೊತ್ತಿಗೆ ಅಕ್ಕಪಕ್ಕದ ಬೀದಿಗೆ ಕಳಿಸಿದರೆ ಅದು ಭದ್ರತೆ. ಅಂಗಡಿ ತೆರೆದಿದ್ದು, ವಾಕಿಂಗ್ ಮಾಡುವವರು ಓಡಾಡುತ್ತಿದ್ದು, ಮಲಗುವವರನ್ನು ಮಾತ್ರ ಎರಡು ವಾರ ಊರಾಚೆಗೆ ಸಾಗಿಸಿದರೆ ಅದರಲ್ಲಿ ಭದ್ರತೆಯ ಪಾಲು ಕಡಿಮೆ. 2023ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಷ್ಯಾ ಪೆಸಿಫಿಕ್ ಆರ್ಥಿಕ ಸಹಕಾರ ಶೃಂಗಸಭೆಗೆ ಮೊದಲು ಬೀದಿಗಳು ಚೊಕ್ಕಟವಾದಾಗ, ದೊಡ್ಡ ನಾಯಕರು ಬರುತ್ತಾರೆಂದೇ ಇದೆಲ್ಲ ನಡೆಯುತ್ತಿದೆ ಎಂದು ಜನ ಹೇಳುತ್ತಿದ್ದಾರೆ, ಅದು ನಿಜ ಎಂದು ಆ ನಗರವಿರುವ ಕ್ಯಾಲಿಫೋರ್ನಿಯಾ ರಾಜ್ಯದ ಗವರ್ನರ್ ಗ್ಯಾವಿನ್ ನ್ಯೂಸಮ್ ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕತೆಯನ್ನು ನಾನು ಯಾವ ಸಭೆಯಲ್ಲೂ ಕೇಳಿಲ್ಲ. ದೆಹಲಿಯಲ್ಲಿ ಅದೇ ವರ್ಷ ಸೆಪ್ಟೆಂಬರ್‌ನ ಜಿ20 ಶೃಂಗಸಭೆಗೆ ಮೊದಲು ಕೊಳೆಗೇರಿಗಳ ಮುಂದೆ ಹಸಿರು ಬಟ್ಟೆ ಕಟ್ಟಿದ್ದನ್ನು ನೀವೂ ಚಿತ್ರಗಳಲ್ಲಿ ನೋಡಿರಬಹುದು. ಬಟ್ಟೆಯ ಪರದೆ ಯಾವ ಗುಂಡನ್ನು ತಡೆಯುತ್ತದೆ?

ಹೊರಗಿನವರು ಎಂಬ ಮಾತು ಎಲ್ಲ ನಗರಗಳಲ್ಲೂ ಕೇಳಿಬರುತ್ತದೆ. ಎಲ್ಲಿಯಾದರೂ ಸರಿಯಾಗಿ ವಿಚಾರಿಸಿದರೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆ 2023ರಲ್ಲಿ ಹೊರತಂದ ದೊಡ್ಡ ಸಮೀಕ್ಷೆಯಲ್ಲಿ, ಅಲ್ಲಿನ ವಸತಿರಹಿತರಲ್ಲಿ ಹತ್ತಕ್ಕೆ ಒಂಬತ್ತು ಜನ ಮನೆ ಕಳೆದುಕೊಂಡದ್ದು ಅದೇ ರಾಜ್ಯದಲ್ಲಿ ಎಂದು ಕಂಡುಬಂತು. ನಾಲ್ಕರಲ್ಲಿ ಮೂವರು ಮನೆ ಕಳೆದುಕೊಂಡ ಜಿಲ್ಲೆಯಲ್ಲೇ ಬೀದಿಯಲ್ಲಿದ್ದರು. ವಲಸೆ ಬಂದವರು ಹೆಚ್ಚಿರುವ ನಗರಗಳೂ ಇವೆ, ಪ್ಯಾರಿಸ್ ಅಂಥದ್ದು. ಆದರೆ ಅಲ್ಲಿಯೂ ಜನ ಬರುವುದು ಕೆಲಸ, ಪರಿಚಿತರು, ದಾಖಲೆ ಕಚೇರಿ ಇರುವ ಕಡೆಗೆ. ಹೊರಗೆ ಸಾಗಿಸಿದರೆ ಆ ಮೂರೂ ಹಿಂದೆಯೇ ಉಳಿಯುತ್ತವೆ. ಹಾಗಾಗಿ ಅವರು ಮರಳುತ್ತಾರೆ. ಹಣವಿಲ್ಲದೆ, ಇದ್ದ ಕೆಲಸವೂ ಇಲ್ಲದೆ, ಹಿಂದೆ ಮಲಗುತ್ತಿದ್ದ ಜಾಗವನ್ನೂ ಬೇರೆಯವರಿಗೆ ಬಿಟ್ಟುಕೊಟ್ಟು ಮರಳುತ್ತಾರೆ. 1996ರ ಒಲಿಂಪಿಕ್ಸ್‌ಗೆ ಮುನ್ನ ಅಟ್ಲಾಂಟಾದಲ್ಲಿ ವಸತಿರಹಿತರ ಕೈಗೆ ಬೇರೆ ಊರಿನ ಒಂದೇ ಕಡೆಯ ಬಸ್ ಟಿಕೆಟ್ ಕೊಟ್ಟು, ವಾಪಸ್ ಬರುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲಾಯಿತು. ಅದೇ ಊರಿನ ಪೊಲೀಸರ ಬಳಿ 'ಕರಿಯ, ಗಂಡು, ವಸತಿರಹಿತ' ಎಂದು ಮೊದಲೇ ಅಚ್ಚು ಹಾಕಿದ ಬಂಧನದ ನಮೂನೆಗಳಿದ್ದವು. ಹೆಸರು ತುಂಬಿಸುವುದಷ್ಟೇ ಬಾಕಿ.

ಪ್ಯಾರಿಸ್ಸಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಸಭೆಯಲ್ಲಿ ಕೇಳಿದ ಯೋಜನೆಗೂ ಅದಕ್ಕೂ ಹೋಲಿಕೆಯಿದೆ. 2023ರ ವಸಂತದಿಂದ ಫ್ರಾನ್ಸ್ ಸರ್ಕಾರ ರಾಜಧಾನಿಯ ಹೊರಗಿನ ಪ್ರಾಂತ್ಯಗಳಲ್ಲಿ ಹತ್ತು ತಾತ್ಕಾಲಿಕ ಸ್ವಾಗತ ಕೇಂದ್ರಗಳನ್ನು ತೆರೆಯಿತು. ಒಂದೊಂದರಲ್ಲಿ ಐವತ್ತರಷ್ಟು ಜಾಗ. ಪ್ಯಾರಿಸ್ಸಿನಿಂದ ಬಸ್ಸಿನಲ್ಲಿ ಬಂದವರು ಅಲ್ಲಿ ಮೂರು ವಾರ ಇರಬಹುದು, ಆ ಅವಧಿಯಲ್ಲಿ ಅವರ ದಾಖಲೆ ಪರಿಶೀಲಿಸಿ ಮುಂದಿನ ವ್ಯವಸ್ಥೆ ಮಾಡುವುದು ಉದ್ದೇಶ. ಇದಕ್ಕೂ 2024ರ ಒಲಿಂಪಿಕ್ಸ್‌ಗೂ ಸಂಬಂಧವಿಲ್ಲ ಎಂದು ಸರ್ಕಾರ ಹೇಳುತ್ತಲೇ ಬಂತು. ಕಾಗದದ ಮೇಲೆ ಯೋಜನೆ ಅಷ್ಟೇನೂ ಕೆಟ್ಟದಲ್ಲ, ಪ್ಯಾರಿಸ್ಸಿನ ತಂಗುದಾಣಗಳು ತುಂಬಿ ತುಳುಕುತ್ತಿದ್ದದ್ದು ಸುಳ್ಳಲ್ಲ. ಕೆಲವರಿಗೆ ಅದರಿಂದ ನಿಜವಾಗಿಯೂ ನೆಲೆ ಸಿಕ್ಕಿತು. ಆದರೆ ನಾಲ್ಕನೆಯ ವಾರ ಏನು ಎಂಬುದಕ್ಕೆ ಎಲ್ಲರಿಗೂ ಉತ್ತರವಿರಲಿಲ್ಲ. 2024ರ ಮಾರ್ಚ್‌ನಲ್ಲಿ ಒರ್ಲಿಯನ್ಸ್ ನಗರದ ಮೇಯರ್ ಸರ್ಜ್ ಗ್ರುವಾರ್, ತಮಗೆ ತಿಳಿಸದೆಯೇ ಪ್ಯಾರಿಸ್ಸಿನಿಂದ ಸುಮಾರು 500 ಜನರನ್ನು ತಮ್ಮ ಊರಿಗೆ ಕಳಿಸಲಾಗಿದೆ ಎಂದು ಬಹಿರಂಗವಾಗಿ ದೂರಿದರು. ಸ್ವಯಂಸೇವಾ ಸಂಘಟನೆಗಳ ಒಕ್ಕೂಟವೊಂದು ಹಾಕಿದ ಲೆಕ್ಕದಂತೆ 2023ರ ಏಪ್ರಿಲ್‌ನಿಂದ 2024ರ ಮೇವರೆಗೆ ಪ್ಯಾರಿಸ್ ಪ್ರದೇಶದಲ್ಲಿ 12,545 ಜನರನ್ನು ಅವರಿದ್ದ ಜಾಗಗಳಿಂದ ಎಬ್ಬಿಸಲಾಯಿತು.

ಇದೇ ಪ್ಯಾರಿಸ್ಸಿನಲ್ಲಿ ಹೆಚ್ಚು ಸುದ್ದಿಯಾಗದ ಇನ್ನೊಂದು ಸಂಗತಿ ಇತ್ತು. ಫ್ರಾನ್ಸ್‌ನಲ್ಲಿ ತುರ್ತು ಆಶ್ರಯದ ದೊಡ್ಡ ಪಾಲು ಅಗ್ಗದ ಹೋಟೆಲುಗಳಲ್ಲಿದೆ, ಕೋಣೆಯ ಬಾಡಿಗೆಯನ್ನು ಸರ್ಕಾರ ಕೊಡುತ್ತದೆ. ರಗ್ಬಿ ವಿಶ್ವಕಪ್ ಮತ್ತು ಒಲಿಂಪಿಕ್ಸ್ ಹತ್ತಿರವಾಗುತ್ತಿದ್ದಂತೆ ಪ್ರವಾಸಿಗರಿಂದ ಹೆಚ್ಚು ಹಣ ಬರುತ್ತದೆಂದು ಮಾಲೀಕರು ಒಪ್ಪಂದದಿಂದ ಹಿಂದೆ ಸರಿಯತೊಡಗಿದರು. ಹೀಗೆ ನಾಲ್ಕೈದು ಸಾವಿರ ಜಾಗಗಳು ಕೈತಪ್ಪುತ್ತವೆ ಎಂದು 2023ರಲ್ಲಿ ಅಲ್ಲಿನ ವಸತಿ ಸಚಿವರೇ ಹೇಳಿದ್ದರು. ಅಂದರೆ ಬೀದಿಯಲ್ಲಿದ್ದವರನ್ನು ತೆಗೆಯುವ ಕೆಲಸ ಒಂದು ಕಡೆ, ಕೋಣೆಯಲ್ಲಿದ್ದವರನ್ನು ಬೀದಿಗೆ ತಳ್ಳುವ ಶಕ್ತಿ ಇನ್ನೊಂದು ಕಡೆ, ಎರಡಕ್ಕೂ ಮೂಲ ಅದೇ ಸಮಾರಂಭ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ. ನಿಮ್ಮ ನಗರದಲ್ಲಿಯೂ ದಿನಬಾಡಿಗೆಯ ಅಗ್ಗದ ವಸತಿಗೃಹಗಳಿಗೆ ಈಗ ಏನಾಗುತ್ತಿದೆ ಎಂದು ವಿಚಾರಿಸಿ. ಮೇಲ್ಸೇತುವೆಯ ಅರವತ್ತು ಜನ ಮುಂದಿನ ವರ್ಷ ನೂರಾಗುವುದು ಅಲ್ಲಿಂದ.

ಹೀಗಿದ್ದೂ ಇಷ್ಟೊಂದು ಆತಿಥೇಯ ನಗರಗಳು ಇದೇ ಹಾದಿ ಹಿಡಿಯುವುದೇಕೆ? ಕೆಟ್ಟ ಮನಸ್ಸಿಗಿಂತ ಹಣದ ಬಾಬ್ತು ಇದಕ್ಕೆ ಹೆಚ್ಚು ಕಾರಣ ಎಂಬುದು ನನ್ನ ಅನುಭವ. ಸಮಾರಂಭದ ಬಜೆಟ್ಟಿನಲ್ಲಿ ಎರಡು ವಾರದ ಶಿಬಿರಕ್ಕೆ ಹಣ ಥಟ್ಟನೆ ಸಿಗುತ್ತದೆ, ಲೆಕ್ಕ ಮುಚ್ಚುವ ದಿನವೂ ನಿಗದಿಯಾಗಿರುತ್ತದೆ. ಮನೆಗೆ ಬೇಕಾದ ಹಣ ಬೇರೆ ಇಲಾಖೆಯದು, ಅದು ವರ್ಷ ವರ್ಷವೂ ಬರುತ್ತಲೇ ಇರಬೇಕು. ಕಾರ್ಯಕ್ರಮದ ಅಧಿಕಾರಿಯ ಯಶಸ್ಸನ್ನು ಅಳೆಯುವುದು ಉದ್ಘಾಟನೆಯ ಬೆಳಗಿನ ಛಾಯಾಚಿತ್ರದಿಂದ. ಆರು ತಿಂಗಳ ನಂತರ ಅರವತ್ತು ಜನರಲ್ಲಿ ಎಷ್ಟು ಮಂದಿ ಸೂರಿನಡಿ ಇದ್ದಾರೆ ಎಂದು ಕೇಳುವ ಹೊತ್ತಿಗೆ ಆತ ಇನ್ನೊಂದು ಹುದ್ದೆಯಲ್ಲಿರುತ್ತಾನೆ.

ಒಂದು ಅಪಾಯವನ್ನು ಮಾತ್ರ ಮೆತ್ತಗೆ ಹೇಳಲಾರೆ. ಬಾಗಿಲಿಗೆ ಹೊರಗಿನಿಂದ ಬೀಗ ಬೀಳುವ ಯಾವ ಶಿಬಿರವನ್ನೂ ತಾತ್ಕಾಲಿಕ ಎಂದು ನಂಬಬೇಡಿ. ಬರ್ಲಿನ್ ಒಲಿಂಪಿಕ್ಸ್ ಆರಂಭವಾಗುವ ಎರಡು ವಾರ ಮೊದಲು, 1936ರ ಜುಲೈ 16ರಂದು, ಅಲ್ಲಿನ ಸಿಂಟಿ ಮತ್ತು ರೋಮಾ ಎಂಬ ಅಲ್ಪಸಂಖ್ಯಾತ ಸಮುದಾಯಗಳ ಸುಮಾರು 600 ಜನರನ್ನು ನಗರದಂಚಿನ ಮಾರ್ಜಾನ್ ಎಂಬಲ್ಲಿ ಕೂಡಿಹಾಕಲಾಯಿತು. ಕ್ರೀಡಾಕೂಟ ಆಗಸ್ಟ್‌ನಲ್ಲಿ ಮುಗಿಯಿತು. ಶಿಬಿರ ಮುಗಿಯಲಿಲ್ಲ. 1943ರಲ್ಲಿ ಅಲ್ಲಿದ್ದವರಲ್ಲಿ ಹೆಚ್ಚಿನವರನ್ನು ಔಶ್‌ವಿಟ್ಸ್ ಎಂಬ ಸಾಮೂಹಿಕ ಹತ್ಯೆಯ ಶಿಬಿರಕ್ಕೆ ಸಾಗಿಸಲಾಯಿತು. ಅದು ನಾಜಿಗಳ ಕಾಲ, ಅದನ್ನು ಇಲ್ಲಿಗೆ ಎಳೆಯಬೇಡಿ ಎಂದು ಯಾರಾದರೂ ಹೇಳಿದರೆ ದಕ್ಷಿಣ ಕೊರಿಯಾ ಇದೆ. 1975ರ ಗೃಹ ಸಚಿವಾಲಯದ ಆದೇಶವೊಂದು ಅಲೆಮಾರಿಗಳನ್ನು ಹಿಡಿದು ಕೇಂದ್ರಗಳಲ್ಲಿಡಲು ಅವಕಾಶ ಕೊಟ್ಟಿತ್ತು. 1981ರಲ್ಲಿ ಸೋಲ್ ನಗರಕ್ಕೆ 1988ರ ಒಲಿಂಪಿಕ್ಸ್ ದಕ್ಕಿದ ಮೇಲೆ ಬೀದಿಗಳನ್ನು ಚೊಕ್ಕ ಮಾಡುವ ಉತ್ಸಾಹ ಹೆಚ್ಚಿತು. ಬೂಸಾನ್‌ನ 'ಸಹೋದರರ ಮನೆ' ಎಂಬ ಕಲ್ಯಾಣ ಕೇಂದ್ರಕ್ಕೆ ಪೊಲೀಸರು ಸಾವಿರಾರು ಜನರನ್ನು ತಂದು ಬಿಟ್ಟರು. ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಸಿಕ್ಕ ಮಕ್ಕಳು, ಮನೆಯಿದ್ದವರು ಕೂಡ ಅವರಲ್ಲಿದ್ದರು. ಬಲವಂತದ ದುಡಿಮೆ, ಹೊಡೆತ, ಅತ್ಯಾಚಾರ ಎಲ್ಲವೂ ಅಲ್ಲಿ ನಡೆದವು. 2022ರಲ್ಲಿ ಆ ದೇಶದ ಸತ್ಯ ಮತ್ತು ಸಂಧಾನ ಆಯೋಗ 657 ಸಾವುಗಳನ್ನು ಗುರುತಿಸಿ, ಇದಕ್ಕೆ ಸರ್ಕಾರವೇ ಹೊಣೆ ಎಂದಿತು. ಫಲಕದ ಮೇಲೆ ಇದ್ದದ್ದು 'ಕಲ್ಯಾಣ' ಎಂಬ ಮಾತೇ. 2017ರ ನವೆಂಬರ್‌ನಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಗೆ ಮೊದಲು ಭಿಕ್ಷಾಟನೆಯನ್ನು ಎರಡು ತಿಂಗಳು ನಿಷೇಧಿಸಿ, ಭಿಕ್ಷುಕರನ್ನು ಜೈಲಿನ ಆವರಣದ ಆಶ್ರಯಗಳಲ್ಲಿ ಇರಿಸಿದರು. ಅದನ್ನು ಬೂಸಾನ್‌ಗೆ ಹೋಲಿಸುವುದು ಅನ್ಯಾಯ. ಆದರೆ ಆಶ್ರಯಕ್ಕೆ ಜೈಲಿನ ಆವರಣವೇ ಮೊದಲು ನೆನಪಾದದ್ದು ಯಾಕೆ ಎಂದು ಕೇಳುವುದು ಅನ್ಯಾಯವಲ್ಲ.

ಕಾನೂನಿನ ವಿಷಯದಲ್ಲಿ ಒಂದೇ ಮಾತು ಎಲ್ಲೆಡೆ ಸಲ್ಲುವುದಿಲ್ಲ. ಭಾರತದಲ್ಲಿ ಬಾಂಬೆಯ ಫುಟ್‌ಪಾತ್ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಎಂದಿತು. ಆದರೆ ಫುಟ್‌ಪಾತಿನಲ್ಲಿ ನೆಲೆಸುವ ಹಕ್ಕು ಯಾರಿಗೂ ಇಲ್ಲ, ನೋಟಿಸ್ ಕೊಟ್ಟು ತೆರವು ಮಾಡಬಹುದು ಎಂದೂ ಹೇಳಿತು. 2018ರಲ್ಲಿ ದೆಹಲಿ ಹೈಕೋರ್ಟ್ ಅಲ್ಲಿ ಭಿಕ್ಷಾಟನೆಯನ್ನು ಅಪರಾಧವಾಗಿಸಿದ್ದ ಕಲಮುಗಳನ್ನು ರದ್ದುಗೊಳಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ಗ್ರಾಂಟ್ಸ್ ಪಾಸ್ ಪ್ರಕರಣದಲ್ಲಿ ವಿರುದ್ಧ ದಿಕ್ಕು ಹಿಡಿದು, ಸಾರ್ವಜನಿಕ ಜಾಗದಲ್ಲಿ ಮಲಗುವುದನ್ನು ದಂಡಿಸುವ ಕಾನೂನುಗಳಿಗೆ, ಕ್ರೂರ ಶಿಕ್ಷೆಯನ್ನು ನಿಷೇಧಿಸುವ ಸಂವಿಧಾನದ ತಿದ್ದುಪಡಿ ಅಡ್ಡಿಯಲ್ಲ ಎಂದಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2010ರಲ್ಲಿಯೇ ದೊಡ್ಡ ಕ್ರೀಡಾಕೂಟಗಳ ಸಂದರ್ಭದಲ್ಲಿ ವಸತಿಯ ಹಕ್ಕನ್ನು ಕಾಪಾಡಬೇಕೆಂದು ನಿರ್ಣಯ ಮಾಡಿದೆ, ಆದರೆ ಅದನ್ನು ಹಿಡಿದು ಯಾರೂ ಪೊಲೀಸ್ ವ್ಯಾನನ್ನು ನಿಲ್ಲಿಸಲಾರರು. ನಿಮ್ಮ ನಗರದಲ್ಲಿ ಯಾವ ಕಾನೂನಿನ ಯಾವ ಕಲಮಿನಡಿ ಜನರನ್ನು ಒಯ್ಯುತ್ತಾರೆ ಎಂಬುದನ್ನು ಸ್ಥಳೀಯ ವಕೀಲರೊಬ್ಬರಿಂದ ತಿಳಿದುಕೊಳ್ಳಿ. ಎಷ್ಟೋ ಸಲ ಅಂಥ ಕಲಮೇ ಇರುವುದಿಲ್ಲ, ಬಾಯಿಮಾತಿನ ಆದೇಶ ಮಾತ್ರ ಇರುತ್ತದೆ.

ಹಾಗಾದರೆ ಮಾಡಬಹುದಾದದ್ದು ಏನು? ನನಗೆ ತೀರಾ ಮೆಚ್ಚುಗೆಯಾದ ಮಾದರಿ ಅತಿ ಅಗ್ಗದ್ದು. 2000ರ ಒಲಿಂಪಿಕ್ಸ್‌ಗೆ ಮುನ್ನ ಸಿಡ್ನಿಯಿರುವ ನ್ಯೂ ಸೌತ್ ವೇಲ್ಸ್ ಸರ್ಕಾರ, ಸಾರ್ವಜನಿಕ ಸ್ಥಳಗಳಲ್ಲಿರುವ ವಸತಿರಹಿತರೊಂದಿಗೆ ಪೊಲೀಸರು, ರೈಲ್ವೆ ಸಿಬ್ಬಂದಿ, ಉದ್ಯಾನದ ಕಾವಲುಗಾರರು ಹೇಗೆ ನಡೆದುಕೊಳ್ಳಬೇಕು ಎಂಬ ನಿಯಮಾವಳಿಯನ್ನು ತಂದಿತು. ತಿರುಳು ಇಷ್ಟು: ಆ ವ್ಯಕ್ತಿ ಸಹಾಯ ಕೇಳಿದರೆ, ಸಂಕಟದಲ್ಲಿದ್ದಂತೆ ಕಂಡರೆ, ತನಗೋ ಇತರರಿಗೋ ಅಪಾಯವಾಗುವಂತೆ ನಡೆದುಕೊಂಡರೆ ಹತ್ತಿರ ಹೋಗಿ. ಇಲ್ಲವಾದರೆ, ಉಳಿದ ನಾಗರಿಕರಂತೆ ಅವರಿಗೂ ಅಲ್ಲಿರುವ ಹಕ್ಕಿದೆ, ಸುಮ್ಮನೆ ಬಿಡಿ. ಕೂಟ ಮುಗಿದ ಮೇಲೂ ಆ ನಿಯಮಾವಳಿ ಉಳಿಯಿತು, ಪರಿಷ್ಕೃತವಾಗುತ್ತ ಇಂದಿಗೂ ಇದೆ. ಇದರ ಮಿತಿಯೂ ಸ್ಪಷ್ಟ. ಇದು ಯಾರಿಗೂ ಮನೆ ಕೊಡುವುದಿಲ್ಲ. ಇರುವುದನ್ನು ಕೆಡಿಸುವುದಿಲ್ಲ, ಅಷ್ಟೇ.

ಎರಡನೆಯ ದಾರಿ, ಇರುವ ಜಾಗದಿಂದ ನಡೆದು ಹೋಗುವಷ್ಟು ದೂರದಲ್ಲಿ, ಸ್ವಂತ ಇಚ್ಛೆಯಿಂದ ಬಂದು ಹೋಗಬಹುದಾದ ತಂಗುದಾಣ. ಹಗಲು ಕೆಲಸಕ್ಕೆ ಹೋಗಲು ಗೇಟು ತೆರೆದಿರಬೇಕು, ರಾತ್ರಿಪಾಳಿಯವರಿಗೆ ಹಗಲು ಮಲಗಲು ಬಿಡಬೇಕು, ಸಾಮಾನಿಗೆ ಬೀಗವಿರುವ ಪೆಟ್ಟಿಗೆ ಬೇಕು, ದಂಪತಿಯನ್ನು ಬೇರೆ ಮಾಡಬಾರದು. ಇದಕ್ಕೆ ಅಪಾಯವಿಲ್ಲವೆಂದಲ್ಲ. ಕಿಕ್ಕಿರಿದ ದೊಡ್ಡ ಹಾಲ್‌ನಲ್ಲಿ ಕಳ್ಳತನ, ಸೋಂಕು, ಹೆಂಗಸರಿಗೆ ಕಿರುಕುಳ ಇರುತ್ತವೆ. ಇವೇ ಕಾರಣಕ್ಕೆ ಕೆಲವರು ಬೀದಿಯೇ ಮೇಲು ಎನ್ನುತ್ತಾರೆ, ಅದು ಹಟವಲ್ಲ, ಲೆಕ್ಕಾಚಾರ. ಬರಲೊಲ್ಲೆ ಎಂದವರ ಮೇಲೆ ಕೇಸು ಹಾಕುವುದಾದರೆ ಆ ಕ್ಷಣದಿಂದ ಅದು ತಂಗುದಾಣವಲ್ಲ.

ಮೂರನೆಯದು ಮನೆ. ಫಿನ್ಲೆಂಡ್ 2008ರಿಂದ ಮೊದಲು ಮನೆ, ಉಳಿದದ್ದೆಲ್ಲ ಆಮೇಲೆ ಎಂಬ ನೀತಿಗೆ ಬಂದು, ಹಳೆಯ ತಂಗುದಾಣಗಳನ್ನೇ ಒಂದೊಂದಾಗಿ ಬಾಡಿಗೆ ಮನೆಗಳಾಗಿ ಮಾರ್ಪಡಿಸಿತು. ಕುಡಿತ ಬಿಟ್ಟರೆ ಮನೆ, ಔಷಧ ತೆಗೆದುಕೊಂಡರೆ ಮನೆ ಎಂಬ ಷರತ್ತನ್ನು ಕೈಬಿಟ್ಟಿತು. ದೀರ್ಘಕಾಲದ ವಸತಿರಹಿತರ ಸಂಖ್ಯೆ ಅಲ್ಲಿ ಗಣನೀಯವಾಗಿ ಇಳಿಯಿತು. ಆದರೆ ಇದು ಕೆಲವು ತಿಂಗಳಲ್ಲಿ ಆಗುವ ಕೆಲಸವಲ್ಲ. ಸಮಾರಂಭದ ಹೆಸರಿನಲ್ಲಿ ಮನೆಯ ಭರವಸೆ ಕೊಟ್ಟು ಆಮೇಲೆ ಕೈ ತೊಳೆದುಕೊಂಡ ಉದಾಹರಣೆಯೂ ಇದೆ. ವ್ಯಾಂಕೂವರ್‌ನಲ್ಲಿ 2010ರ ಚಳಿಗಾಲದ ಒಲಿಂಪಿಕ್ಸ್‌ನ ಕ್ರೀಡಾಗ್ರಾಮದಲ್ಲಿ 252 ಮನೆಗಳನ್ನು ಕಡಿಮೆ ಆದಾಯದವರಿಗೆ ಎಂದು ಹೇಳಲಾಗಿತ್ತು. ವೆಚ್ಚ ಏರಿದ ಮೇಲೆ ಅವುಗಳಲ್ಲಿ ಅರ್ಧದಷ್ಟನ್ನು ಮಾರುಕಟ್ಟೆ ಬಾಡಿಗೆಗೆ ಕೊಡಲು ನಗರ ಮಂಡಳಿ ನಿರ್ಧರಿಸಿತು. ಊರಿಗೆ ಟಿಕೆಟ್ ಕೊಡುವುದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆ ವ್ಯಕ್ತಿ ತಾನಾಗಿ ಕೇಳಿದ್ದರೆ, ಆ ಕಡೆ ಬಾಗಿಲು ತೆರೆಯುವವರು ಒಬ್ಬರು ಇದ್ದಾರೆಂದು ಫೋನಿನಲ್ಲಿ ಖಚಿತವಾಗಿದ್ದರೆ, ಸರಿ. ಮನೆಯ ಹಿಂಸೆ ತಾಳಲಾರದೆ ಓಡಿಬಂದ ಹೆಣ್ಣುಮಗಳಿಗೆ ಅದೇ ಮನೆಯ ಟಿಕೆಟ್ ಕೊಡುವುದು ಬಾಣಲೆಯಿಂದ ಬೆಂಕಿಗೆ ಹಾಕಿದಂತೆ.

ಇನ್ನು ನಿಮ್ಮ ಮಾತು. ನೀವು ಧ್ವಜ ಹಿಡಿದು ಬೀದಿಗಿಳಿಯಬೇಕಿಲ್ಲ. ಪೂರೈಕೆದಾರರಾಗಿ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ, ಅದನ್ನು ಇಮೇಲ್‌ನಲ್ಲಿ, ವ್ಯವಹಾರದ ಭಾಷೆಯಲ್ಲಿಯೇ ಕೇಳಿ. ಶಿಬಿರಕ್ಕೆ ಬರುವುದು ಐಚ್ಛಿಕವೇ, ಗೇಟು ಎಷ್ಟು ಹೊತ್ತು ತೆರೆದಿರುತ್ತದೆ, ಜನರ ಸಾಮಾನನ್ನು ಇಡಲು ಎಷ್ಟು ಪೆಟ್ಟಿಗೆ ಬೇಕು, ರಸೀದಿ ಕೊಡುವವರು ಯಾರು, ಹದಿನೈದನೆಯ ದಿನ ಮಂಚಗಳನ್ನು ಎಲ್ಲಿಗೆ ಕಳಿಸಬೇಕು. ಇವೆಲ್ಲ ಮಂಚ ಪೂರೈಸುವವರು ಸಹಜವಾಗಿ ಕೇಳುವ ವಿಷಯಗಳು. ಬಾಯಿಮಾತಿನ ಯೋಜನೆಗೆ ಲಿಖಿತ ಉತ್ತರ ಕೊಡಬೇಕಾಗಿ ಬಂದಾಗ ಅದು ಎಷ್ಟೋ ಸಲ ತಾನಾಗಿಯೇ ತಿದ್ದಿಕೊಳ್ಳುತ್ತದೆ. ಹೆಸರುಗಳ ಪಟ್ಟಿ ಮಾಡುವ ಕೆಲಸವನ್ನು ನಿಮ್ಮ ಕಂಪನಿಗೆ ವಹಿಸಿದರೆ ಮಾತ್ರ ಒಪ್ಪಿಕೊಳ್ಳಬೇಡಿ. ಆ ಪಟ್ಟಿ ಮುಂದೆ ಯಾರ ಮೇಜಿಗೆ ಹೋಗುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ಗೋದಾಮಿನ ಆ ಪರಿಚಿತರಿಗೆ, ಅವರು ಒಪ್ಪಿದರೆ, ಅವರ ದಾಖಲೆಗಳ ಚಿತ್ರವನ್ನು ಅವರ ಫೋನಿನಲ್ಲಿಯೇ ತೆಗೆದು ಅವರ ಇಮೇಲ್‌ಗೆ ಕಳಿಸಿಕೊಡಿ, ಒಂದು ಪ್ರತಿಯನ್ನು ಮುದ್ರಿಸಿ ಕೊಡಿ. ಗೋದಾಮಿನ ಮೇಲ್ವಿಚಾರಕರಿಂದ, ಇವರು ಇಲ್ಲಿ ಇಂಥ ವೇಳೆಗೆ ಕೆಲಸ ಮಾಡುತ್ತಾರೆ ಎಂಬ ಎರಡು ಸಾಲಿನ ಪತ್ರ ಸಿಕ್ಕರೆ ರಾತ್ರಿ ತಡೆಯುವ ಪೊಲೀಸರ ಮುಂದೆ ಅದು ಕೆಲಸಕ್ಕೆ ಬರುತ್ತದೆ. ಉಚಿತ ಕಾನೂನು ನೆರವಿನವರ ಫೋನ್ ನಂಬರನ್ನು ಕಾಗದದ ಮೇಲೆ ಬರೆದು ಕೊಡಿ, ಫೋನು ಮೊದಲು ಕಳೆದುಹೋಗುವ ವಸ್ತು. ಅವರ ಫೋಟೊ ತೆಗೆದು ಜಾಲತಾಣದಲ್ಲಿ ಹಾಕಬೇಡಿ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಮರುದಿನ ಅವರನ್ನು ಹುಡುಕಿಕೊಂಡು ಬರುವವರು ನಿಮ್ಮ ಓದುಗರಾಗಿರುವುದಿಲ್ಲ.

ಕೊನೆಯದಾಗಿ ಗುತ್ತಿಗೆ. ಮಂಚಗಳು ಎರಡು ವಾರದ ಬಾಡಿಗೆಗೆ ಎಂದಿದ್ದರೆ, ಹದಿನೈದನೆಯ ಬೆಳಗ್ಗೆ ನಿಮ್ಮ ಲಾರಿ ಬಂದು ಅವನ್ನು ಎತ್ತಿಕೊಂಡು ಹೋಗುತ್ತದೆ, ಶಿಬಿರವನ್ನು ಮುಚ್ಚಲು ಬೇರೆ ಆದೇಶವೇ ಬೇಕಾಗುವುದಿಲ್ಲ. ಬಾಡಿಗೆಯ ಬದಲು ಖರೀದಿ, ಕಾರ್ಯಕ್ರಮದ ನಂತರ ನಗರದ ತಂಗುದಾಣಗಳಿಗೆ ಹಸ್ತಾಂತರ ಎಂಬ ಪರ್ಯಾಯ ದರವನ್ನು ನಿಮ್ಮ ದರಪಟ್ಟಿಯಲ್ಲಿ ಸೇರಿಸಿ. ಸರಳ ಮಂಚಕ್ಕೆ ಎರಡರ ನಡುವಿನ ವ್ಯತ್ಯಾಸ ಅನೇಕ ವೇಳೆ ಅಧಿಕಾರಿಗಳು ಊಹಿಸಿದ್ದಕ್ಕಿಂತ ಕಡಿಮೆ ಇರುತ್ತದೆ. ಅದೂ ಒಪ್ಪಿಗೆಯಾಗದಿದ್ದರೆ, ಅದೇ ದರದಲ್ಲಿ ಆರು ತಿಂಗಳು ವಿಸ್ತರಿಸಬಹುದು ಎಂಬ ಒಂದು ಸಾಲು ಇರಲಿ. ಟೆಂಡರಿನ ಸ್ಪಷ್ಟೀಕರಣ ಕೇಳುವ ಗಡುವು ಮುಗಿದ ಮೇಲೆ ಆ ಸಾಲನ್ನು ಸೇರಿಸಲು ಬರುವುದಿಲ್ಲ, ಹಾಗಾಗಿ ಈ ವಾರವೇ ಬರೆಯಿರಿ.